ಮಾಂಯ್ ಕಿಟಕಿಗೆ ಬಂದ ಬಹರೈನ್ ಪರದೆ

ಬೊಂಬಾಯಿಯ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸಿನವರು ಬಹರೈನಿನಿಂದ ಬಂದ ನಮ್ಮ ಯಜಮಾನರನ್ನು ಬದಿಗೆ ನಿಲ್ಲಿಸಿದರಂತೆ. ಚಿನ್ನಕ್ಕಾಗಿ ಅಲ್ಲ. ಟೇಪ್ ರೆಕಾರ್ಡರಿಗಾಗಿಯೂ ಅಲ್ಲ. ಆಳುದ್ದದ ಒಂದು ರಟ್ಟಿನ ಪೆಟ್ಟಿಗೆಗಾಗಿ.

ಆಫೀಸರ್ ಪೆಟ್ಟಿಗೆಯ ಬಾಯಿ ಬಿಚ್ಚಿ, ಒಳಗಿದ್ದದ್ದನ್ನು ಎರಡು ಕೈಯಲ್ಲಿ ಹಿಡಿದು ಎಳೆದು, ಬಿಟ್ಟು, ಮತ್ತೆ ಎಳೆದು ನೋಡಿದನಂತೆ.

"ಇದು ಎಂತ ವಾದ್ಯ?"

"ವಾದ್ಯ ಅಲ್ಲ ಸಾರ್. ಕಿಟಕಿಯ ಪರದೆ."

"ಯಾಕೆ, ನಿಮ್ಮ ಊರಿನಲ್ಲಿ ಬಟ್ಟೆ ಸಿಗುವುದಿಲ್ಲವಾ?"

(ಮಾತು ನಡೆದದ್ದು ಹಿಂದಿಯಲ್ಲಿ. ಇವರು ಊಟದ ಹೊತ್ತಿಗೆ ಹೇಳುವಾಗ ಅದು ನಮ್ಮ ಕೊಂಕಣಿಗೆ ಬಂತು.)

ನಾವೆಲ್ಲ ನಕ್ಕೆವು. ಹಾಸಿಗೆಯಲ್ಲಿದ್ದ ಮಾಂಯ್ ಕೂಡ ನಕ್ಕರು. ಮಾಂಯ್ ಅಂದರೆ ನನ್ನ ಅತ್ತೆ. ಆ ಪರದೆ ಬಂದದ್ದೇ ಅವರಿಗಾಗಿ. ಈಗ ಈ ಮಳೆಯಲ್ಲಿ ಕುಳಿತು ಬರೆಯುವಾಗ ಆ ನಗುವೇ ಮೊದಲು ನೆನಪಿಗೆ ಬರುತ್ತದೆ.

ನಮ್ಮ ಟೆರೇಸ್ ಮನೆಯ ಬಗ್ಗೆ ಹಿಂದೊಮ್ಮೆ ಇದೇ ಅಂಕಣದಲ್ಲಿ ಬರೆದಿದ್ದೆ. ಸ್ವಲ್ಪ ಕೊಚ್ಚಿಕೊಂಡಿದ್ದೆ ಅಂತಲೇ ಇಟ್ಟುಕೊಳ್ಳಿ. ನಮ್ಮ ಶಿರ್ವದಲ್ಲಿ ಗಲ್ಫಿಗೆ ಹೋದವರ ಮನೆಗಳೆಲ್ಲ ರಸ್ತೆಗೆ ಮುಖ ಮಾಡಿ ನಿಲ್ಲುತ್ತವೆ. ಬಸ್ಸಿನಲ್ಲಿ ಹೋಗುವವರಿಗೆ ಕಾಣಬೇಕಲ್ಲ? ನಮ್ಮ ಪಾಲಿಗೆ ರಸ್ತೆ ಇರುವುದು ಪಡುವಣಕ್ಕೆ. ಹಾಗಾಗಿ ದೊಡ್ಡ ದೊಡ್ಡ ಕಿಟಕಿಗಳೂ ಪಡುವಣಕ್ಕೆ. ಅದೇ ಜಾಗದಲ್ಲಿದ್ದ ಹಳೆಯ ಹೆಂಚಿನ ಮನೆಯ ಮುಖ ಮೂಡಣಕ್ಕಿತ್ತು. ಪಡುವಣದ ಗೋಡೆಯಲ್ಲಿ ಇದ್ದದ್ದು ಕೈ ತೂರುವಷ್ಟು ಒಂದು ಕಿಂಡಿ. ಹಿರಿಯರಿಗೆ ಬಸ್ಸಿನವರ ಹಂಗಿರಲಿಲ್ಲ, ಬಿಸಿಲಿನ ಲೆಕ್ಕ ಇತ್ತು.

ಹೊಸ ಮನೆಗೆ ಬಂದ ಮೇಲೆ ಮಾಂಯ್ ಒಂದು ದಿನ ಬಚ್ಚಲಿನಲ್ಲಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಮಣಿಪಾಲದಲ್ಲಿ ಆಪರೇಷನ್ ಆಯಿತು. ಜೀವ ಉಳಿಯಿತು (ಅದಕ್ಕೆ ದಿನವೂ ದೇವರನ್ನು ಸ್ತುತಿಸುತ್ತೇನೆ), ನಡಿಗೆ ಮಾತ್ರ ಮರಳಲಿಲ್ಲ. ಒಳಗಿನ ಕೋಣೆ ತಂಪು, ಅಲ್ಲಿ ಮಂಚ ಹಾಕಿಸುತ್ತೇನೆ ಅಂದೆ.

"ಬೇಡ. ನನ್ನನ್ನು ರೋಡಿನ ಬದಿಗೆ ಹಾಕು," ಅಂದರು. "ಇಗರ್ಜಿಯ ಗಂಟೆಯೂ ಕೇಳ್ತದೆ, ಜನರೂ ಕೇಳ್ತಾರೆ."

'ಕಾಣ್ತಾರೆ' ಅನ್ನಲಿಲ್ಲ. ಕಣ್ಣಿಗೆ ಪೊರೆ ಬಂದು ಬಹಳ ಕಾಲವಾಗಿತ್ತು. ಅವರ ಊರೆಲ್ಲ ಇದ್ದದ್ದು ಕಿವಿಯಲ್ಲಿ.

ನಮ್ಮ ಕ್ರೈಸ್ತರಲ್ಲಿ ಒಂದು ಕ್ರಮ ಉಂಟು. ಓದುಗರಲ್ಲಿ ಎಲ್ಲರಿಗೂ ಗೊತ್ತಿರಲಿಕ್ಕಿಲ್ಲ. ಕಿರಿಯರು ಹಿರಿಯರ ಬಳಿ ಬೆಸಾಂವ್ ಕೇಳಬೇಕು. ಬೆಸಾಂವ್ ಅಂದರೆ ಆಶೀರ್ವಾದ. ಸಂಜೆ ತೇರ್ಸ ಮುಗಿದ ಮೇಲೆ, ಅಂದರೆ ಜಪಮಣಿಯ ಪ್ರಾರ್ಥನೆ ಆದ ಮೇಲೆ, ಮನೆಯೊಳಗೆ ಕೇಳುವುದು. ದಾರಿಯಲ್ಲಿ ಅಜ್ಜ ಅಜ್ಜಿಯಂದಿರು ಸಿಕ್ಕಿದರೆ ಅಲ್ಲೇ ಕೇಳುವುದು. ಮಾಂಯ್ ಅಂತೂ ದಾರಿಯಲ್ಲೇ ಮಲಗಿದ್ದರಲ್ಲ! ಶಾಲೆ ಬಿಟ್ಟು ಬರುವ ಮಕ್ಕಳು ನಮ್ಮ ಗೇಟಿನೊಳಗೆ ನುಗ್ಗಿ, ಕಿಟಕಿಯ ಸರಳಿಗೆ ಮೂಗು ತಾಗಿಸಿ, ಒಟ್ಟಿಗೆ ಕೂಗುತ್ತಿದ್ದರು.

"ವ್ಹಡ್ಲಿಮಾಂಯ್, ಬೆಸಾಂವ್!"

ವ್ಹಡ್ಲಿಮಾಂಯ್ ಅಂದರೆ ಅಜ್ಜಿ. "ದೇವ್ ಬರೆಂ ಕರುಂ," ಅನ್ನುತ್ತಿದ್ದರು ಮಾಂಯ್. ದೇವರು ಒಳ್ಳೆಯದು ಮಾಡಲಿ. ಗುಂಪಿಗೆಲ್ಲ ಒಂದು ಅಂತ ಹೇಳಿ ಮುಗಿಸುವವರಲ್ಲ ಅವರು. ಸ್ವರದಲ್ಲೇ ಗುರುತು ಹಿಡಿದು ಒಬ್ಬೊಬ್ಬರಿಗೂ ಕೊಡಬೇಕು. "ಇದು ಗ್ರೇಟಾ. ನಿನಗೆ ಇನ್ನೂ ಶೀತ ಬಿಡಲಿಲ್ಲವಾ? ಅಮ್ಮನಿಗೆ ಹೇಳು, ಕಾಳುಮೆಣಸಿನ ಕಷಾಯ ಮಾಡಲಿಕ್ಕೆ. ಹಿಂದೆ ಉಸಿರು ಬಿಡ್ತಿರುವುದು ಯಾರು, ರೋಶನಾ? ನಿನ್ನೆ ಯಾಕೆ ಬರಲಿಲ್ಲ?"

ಮಕ್ಕಳು ಹೋದ ಮೇಲೆ ಇದ್ದಿನಬ್ಬ. ಕಾಪುವಿನಿಂದ ಸೈಕಲಿನಲ್ಲಿ ಮೀನು ತರುವವನು. ನಮ್ಮ ಗೇಟಿನ ಹತ್ತಿರ ಪೋಂ ಪೋಂ ಅಂತ ಹಾರ್ನ್ ಒತ್ತಿದರೆ ಮಾಂಯ್ ತಯಾರು.

"ಇದ್ದಿನಬ್ಬಾ, ನಿನ್ನೆಯ ಬಂಗುಡೆ ಮೊನ್ನೆಯದ್ದು."

"ಅಮ್ಮಾ, ನೀವು ಮಲಗಿದಲ್ಲಿಂದ ನನ್ನ ವ್ಯಾಪಾರ ತೆಗೀಬೇಡಿ. ಮಕ್ಕಳಿಗೆಲ್ಲ ಆಶೀರ್ವಾದ ಕೊಡ್ತೀರಿ, ನನಗೆ ಮಾತ್ರ ಬೈಗುಳವಾ?"

"ನಿನಗೂ ಉಂಟು ಮಾರಾಯ. ಮೊದಲು ತಾಜಾ ಮೀನು ತಾ."

ಅಡುಗೆಮನೆಯಲ್ಲಿ ನನಗೆ ಇದೆಲ್ಲ ರೇಡಿಯೋ ಇದ್ದ ಹಾಗೆ. ಗಡಿಯಾರ ನೋಡುವುದೇ ಬೇಡ. ಬೆಸಾಂವ್ ಕೇಳಿದರೆ ಚಹಾಕ್ಕೆ ನೀರು ಇಡುವುದು, ಪೋಂ ಪೋಂ ಕೇಳಿದರೆ ಪಾತ್ರೆ ಹಿಡಿದು ಹೊರಡುವುದು.

ಆದರೆ ಬಿಸಿಲು? ಮಧ್ಯಾಹ್ನ ಕಳೆದರೆ ಸೂರ್ಯ ನೇರ ಮಾಂಯಿಯ ಹಾಸಿಗೆಗೇ ಬರುತ್ತಿದ್ದ. ಮೇಲೆ ಕಾಂಕ್ರೀಟು, ಎದುರಿಗೆ ಗಾಜು. ಮಂಚದ ಕಬ್ಬಿಣ ಮುಟ್ಟಿದರೆ ಕೈ ಸುಡಬೇಕು. ಮಾಂಯಿಯ ಬೆನ್ನೆಲ್ಲ ಬೆವರುಸಾಲೆ. ಮಗುವಿಗೆ ಹಚ್ಚುವ ಹಾಗೆ ಪೌಡರ್ ಹಚ್ಚುತ್ತಿದ್ದೆ, ಅದು ಬೆವರಿನಲ್ಲಿ ಕಲಸಿ ಹಿಟ್ಟಾಗುತ್ತಿತ್ತು. ಹಾಸಿಗೆ ಹುಣ್ಣು ಆದರೆ ಕಷ್ಟ ಅಂತ ಡಾಕ್ಟರು ಬೇರೆ ಎಚ್ಚರಿಸಿದ್ದರು.

ಪರದೆಯ ವಿಚಾರ ಹೊರಟದ್ದು ಅಲ್ಲಿಂದ. ಕಿಟಕಿಗೊಂದು ಮರೆ ಆಯ್ಕೆ ಮಾಡುವುದು ಇಷ್ಟು ದೊಡ್ಡ ಕೆಲಸ ಅಂತ ನನಗೆ ಗೊತ್ತಿರಲಿಲ್ಲ. ಹೆಣ್ಣು ನೋಡುವಾಗ ಕೂಡ ಇಷ್ಟು ಜನ ಅಭಿಪ್ರಾಯ ಹೇಳುವುದಿಲ್ಲ.

ಪಕ್ಕದ ಮನೆಯ ಜೂಲಿಯಾನ ಬಾಯಿ ಹೇಳಿದ್ದು ಮಡಲಿನ ತಟ್ಟಿ. "ನಾಲ್ಕು ತೆಂಗಿನ ಮಡಲು ಹೆಣೆದು ಹೊರಗಿನಿಂದ ಓರೆಗೆ ಕಟ್ಟು. ಬಿಸಿಲು ನಿಲ್ತದೆ, ಗಾಳಿ ಬರ್ತದೆ. ನಮ್ಮ ದನದ ಹಟ್ಟಿಗೆ ಅದೇ." ಹಟ್ಟಿಗೆ ಸರಿ. ಟೆರೇಸ್ ಮನೆಯ ಎದುರಿಗೆ ಮಡಲು ಕಟ್ಟಿದರೆ ಹೇಗೆ ಕಂಡೀತು? (ಬಸ್ಸಿನವರು ಮತ್ತೆ ನೆನಪಾದರು ನೋಡಿ.)

ಕಾರ್ಕಳದ ನನ್ನ ತಮ್ಮ ಲಾವಂಚದ ತಟ್ಟಿ ತಂದು ಕೊಟ್ಟ. ನೀರು ಚಿಮುಕಿಸಿದರೆ ಪರಿಮಳವೇ ಪರಿಮಳ. ಆದರೆ ಆ ತೇವಕ್ಕೆ ಮಾಂಯಿಗೆ ಕೆಮ್ಮು ಹಿಡಿಯಿತು. ತಟ್ಟಿ ಅಟ್ಟಕ್ಕೆ ಹೋಯಿತು.

ಉಡುಪಿಯ ಬಟ್ಟೆ ಅಂಗಡಿಯಲ್ಲಿ ದಪ್ಪದ ಕರ್ಟನ್ ತೋರಿಸಿದರು. "ಬಿಸಿಲನ್ನೇ ಕುಡಿದುಬಿಡ್ತದೆ ಅಕ್ಕ," ಅಂದ ಸೇಲ್ಸ್‌ಮನ್. ಸುಳ್ಳಲ್ಲ. ಮಧ್ಯಾಹ್ನವೆಲ್ಲ ಕುಡಿಯುತ್ತಿತ್ತು, ಸಂಜೆ ಅದನ್ನು ನಮಗೇ ಕಾರುತ್ತಿತ್ತು.

ಇದನ್ನೆಲ್ಲ ಕ್ಯಾಸೆಟಿನಲ್ಲಿ ಹೇಳಿ ಇವರಿಗೆ ಕಳಿಸಿದೆ. ನಮ್ಮ ಮನೆಯಲ್ಲಿ ಪತ್ರಕ್ಕಿಂತ ಕ್ಯಾಸೆಟು ಜಾಸ್ತಿ. ಊರಿನಿಂದ ಯಾರಾದರೂ ಬಹರೈನಿಗೆ ಹೊರಟರೆ ಒಂದು ಬದಿ ನಾನು ಮಾತಾಡುವುದು, ಇನ್ನೊಂದು ಬದಿ ಮಾಂಯ್. ಮಾಂಯ್ ತಮ್ಮ ಬದಿಯನ್ನು ಮುಗಿಸುವುದು ಮಗನಿಗೆ ಬೆಸಾಂವ್ ಕೊಟ್ಟು. ಬಹರೈನಿನ ಆ ಕೋಣೆಯಲ್ಲಿ ಇವರು ತಲೆ ಬಗ್ಗಿಸಿ ಅದನ್ನು ಕೇಳುತ್ತಾರಂತೆ. ಜೊತೆಗಿರುವವರು ಮೊದಲು ತಮಾಷೆ ಮಾಡುತ್ತಿದ್ದರು. ಈಗ ಅವರೂ ಬಗ್ಗಿಸುತ್ತಾರಂತೆ.

ಇವರ ಕೆಲಸವೇ ಅಲ್ಲಿ ಸಾಹೇಬರ ಬಂಗಲೆಗಳಿಗೆ ಪರದೆ ಜೋಡಿಸುವುದು. ಉತ್ತರ ಬಂತು. "ಹೊಸ ಥರದ್ದೊಂದು ಬಂದಿದೆ. ಎರಡು ಪದರ ಬಟ್ಟೆ, ನಡುವೆ ಜೇನುಗೂಡಿನ ಹಾಗೆ ಕೋಣೆ ಕೋಣೆ. ಆ ಕೋಣೆಗಳಲ್ಲಿ ಗಾಳಿ ಸಿಕ್ಕಿ ಕೂತಿರ್ತದೆ. ಸೆಖೆ ಆ ಗಾಳಿಯನ್ನು ದಾಟಿ ಬರುವುದು ಕಷ್ಟ. ಮರಳುಗಾಡಿನ ಬಿಸಿಲನ್ನೇ ತಡೀತದೆ, ಶಿರ್ವದ್ದು ಯಾವ ಲೆಕ್ಕ? ಅಳತೆ ಕಳಿಸು. ಬಣ್ಣ ಯಾವುದು ಅಂತ ಮಾಂಯಿಯ ಹತ್ತಿರ ಕೇಳು."

"ಮರಿಯ ಮಾತೆಯ ಮೇಲುವಸ್ತ್ರದ ನೀಲಿ," ಅಂದರು ಮಾಂಯ್. ಒಂದು ಕ್ಷಣವೂ ಯೋಚಿಸಲಿಲ್ಲ.

ಇವರು ರಜೆಯಲ್ಲಿ ಬಂದದ್ದು ಫೆಬ್ರವರಿಯಲ್ಲಿ. ಬಂದ ಮರುದಿನವೇ ಏಣಿ ಹತ್ತಿದರು. ಗೋಡೆಗೆ ತೂತು, ತೂತಿಗೆ ಮರದ ಬೆಣೆ, ಬೆಣೆಗೆ ಸ್ಕ್ರೂ. ಹಗ್ಗ ಎಳೆದರೆ ಪರದೆ ಮಡಿಕೆ ಮಡಿಕೆಯಾಗಿ ಮೇಲೆ ಹೋಗುತ್ತದೆ, ಬಿಟ್ಟರೆ ಸದ್ದಿಲ್ಲದೆ ಇಳಿಯುತ್ತದೆ. ಊರಿನವರೆಲ್ಲ ನೋಡಲು ಬಂದರು. ಇಗರ್ಜಿಯ ಪಾದ್ರಿಗಳು ಮಾಂಯಿಗೆ ಪರಮ ಪ್ರಸಾದ ಕೊಡಲು ಬಂದವರು, "ಇಲ್ಲಿ ಇಗರ್ಜಿಗಿಂತ ತಂಪು ಉಂಟಲ್ಲ" ಅಂದರು. ನಿಜವಾಗಿಯೂ ತಂಪಿತ್ತು. ಮಂಚದ ಕಬ್ಬಿಣ ಸುಡಲಿಲ್ಲ. ಮಾಂಯಿಯ ಬೆನ್ನು ಒಂದೇ ವಾರದಲ್ಲಿ ಗುಣವಾಯಿತು. ದೇವರ ಸಣ್ಣ ಉಪಕಾರಗಳನ್ನು ಎಣಿಸುವ ಅಭ್ಯಾಸ ನನಗೆ. ರಾತ್ರಿಯ ಪ್ರಾರ್ಥನೆಯಲ್ಲಿ ಪರದೆಯ ಹೆಸರೂ ಸೇರಿತು.

ಹೊರಡುವ ಮೊದಲು ಇವರು ಹೇಳಿದ ಮಾತು ಎರಡು. ಗಾಜು ಮುಚ್ಚಿ ಪರದೆ ಇಳಿಸಬೇಕು, ಗಾಳಿಗೆ ಬಡಿದುಕೊಂಡರೆ ಜೇನುಗೂಡು ಹರಿಯುತ್ತದೆ. ಇನ್ನೊಂದು, ಹಗ್ಗ ಮೆಲ್ಲ ಎಳೆಯಿರಿ, ತುಂಡಾದರೆ ಇಂಡಿಯಾದಲ್ಲಿ ಅದರ ಪಾರ್ಟ್ಸ್ ಸಿಗುವುದಿಲ್ಲ.

ಗಲ್ಫಿನವರ ಮನೆಗಳಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸೋಫಾದ ಪ್ಲಾಸ್ಟಿಕ್ ಹೊದಿಕೆಯನ್ನೇ ತೆಗೆಯದ ಜನ ನಾವು. ಮಿಕ್ಸಿ ಕಪಾಟಿನಲ್ಲಿ, ಕಾಯಿ ಕಡೆಯುವುದು ಕಲ್ಲಿನಲ್ಲಿ. ಇನ್ನು ಪಾರ್ಟ್ಸ್ ಸಿಗದ ಪರದೆಯನ್ನು ದಿನಕ್ಕೆರಡು ಸಲ ಎಳೆಯುವವರು ಯಾರು? ಮೊದಮೊದಲು ಮಧ್ಯಾಹ್ನ ಇಳಿಸಿ ಸಂಜೆ ಏರಿಸುತ್ತಿದ್ದೆವು. ಒಂದು ದಿನ ಹಗ್ಗ ಸ್ವಲ್ಪ ಸಿಕ್ಕಿಹಾಕಿಕೊಂಡಿತು. ಹೈಸ್ಕೂಲಿಗೆ ಹೋಗುವ ನನ್ನ ಮಗಳು ಐರಿನ್ ಹೆದರಿ ಕೈ ಬಿಟ್ಟಳು. ಹೇಗೋ ಬಿಡಿಸಿದೆವು. ಆಮೇಲೆ ಅದನ್ನು ಇಳಿಸಿದಲ್ಲಿಗೇ ಬಿಟ್ಟೆವು. ಬೆಳಿಗ್ಗೆಯೂ ಅದೇ, ಸಂಜೆಯೂ ಅದೇ. ಒಳಗೆ ನೀಲಿ ಬೆಳಕು, ಫ್ಯಾನಿನ ಗಾಳಿ. ಮಾಂಯ್ ಏನೂ ಅನ್ನಲಿಲ್ಲ.

ಅನ್ನುತ್ತಿದ್ದರಾ? ಮಗ ಅಷ್ಟು ದೂರದಿಂದ ಹೊತ್ತು ತಂದದ್ದು. ಕೇಳಿದವರಿಗೆಲ್ಲ "ಒಳ್ಳೆ ತಂಪು ಉಂಟು" ಅನ್ನುತ್ತಿದ್ದರು. ಕೇಳದವರಿಗೂ ಅನ್ನುತ್ತಿದ್ದರು.

ಮಾರ್ಚಿನಲ್ಲಿ ಒಂದು ಸಂಜೆ ಚಹಾ ಕೊಡಲು ಹೋದಾಗ ಕೇಳಿದರು, "ಶಾಲೆಗೆ ರಜೆಯಾ?"

"ಇಲ್ಲವಲ್ಲ ಮಾಂಯ್. ಪರೀಕ್ಷೆ ಹತ್ತಿರ ಬಂತು."

"ಹೌದಾ."

ಅಷ್ಟೇ. ನಾನು ಲೋಟ ತೆಗೆದುಕೊಂಡು ಒಳಗೆ ಬಂದೆ. ನನಗೂ ಮನೆ ಮೌನವಾದದ್ದು ಗೊತ್ತಾಗಿತ್ತು, ಆದರೆ ನನ್ನ ಲೆಕ್ಕದಲ್ಲಿ ಅದು ಪರೀಕ್ಷೆ. ಆಮೇಲೆ ಬಂದದ್ದು ಬೇಸಿಗೆ ರಜೆ. ಮಕ್ಕಳು ಅಜ್ಜಿಮನೆಗಳಿಗೆ ಹೋಗಿರಬಹುದು. ಇದ್ದಿನಬ್ಬನ ಹಾರ್ನ್ ಈಗ ಜೂಲಿಯಾನ ಬಾಯಿಯ ಗೇಟಿನಿಂದ ಕೇಳುತ್ತಿತ್ತು. ನಾನು ಅಲ್ಲಿಗೇ ಹೋಗಿ ಮೀನು ತರುತ್ತಿದ್ದೆ. ಒಂದಿಪ್ಪತ್ತು ಹೆಜ್ಜೆ ಹೆಚ್ಚು ನಡೆದರೆ ಏನಾಯಿತು?

ಮಾಂಯ್ ಇನ್ನೊಂದು ಮಗ್ಗುಲಿಗೆ ತಿರುಗಿ ಮಲಗಲು ಸುರು ಮಾಡಿದರು. ಆ ಬದಿಯ ಗೋಡೆಯಲ್ಲಿ ಯೇಸುವಿನ ಪವಿತ್ರ ಹೃದಯದ ಪಟ ಇದೆ. "ದೇವರನ್ನು ನೋಡಿಕೊಂಡಿರ್ತೇನೆ," ಅಂದರು. ಎಷ್ಟು ಭಕ್ತಿ ಅಂದುಕೊಂಡೆ. ಐರಿನಿಗೂ ಹೇಳಿದೆ, "ನೋಡಿ ಕಲಿ."

ಈಸ್ಟರ್ ಕಳೆದು ಕ್ಯಾಸೆಟು ಕಳಿಸಿದೆವು. ಮಾಂಯ್ ತಮ್ಮ ಬದಿಯಲ್ಲಿ ಹೇಳಿದ್ದು ನಾಲ್ಕೇ ಮಾತು. ಪರದೆ ಒಳ್ಳೆಯದಾಗಿದೆ, ಬೆನ್ನು ಗುಣವಾಗಿದೆ, ನೀನು ಹೊತ್ತಿಗೆ ಊಟ ಮಾಡು. ಮತ್ತೆ ಬೆಸಾಂವ್. ಉಳಿದ ಟೇಪು ಖಾಲಿ ಓಡಿತು.

ಉತ್ತರದ ಕ್ಯಾಸೆಟು ಬಂದದ್ದು ಮೇ ಕೊನೆಗೆ. ಮಾಂಯಿಯ ಮಂಚದ ಹತ್ತಿರ ಕುಳಿತು ನಾವು ಮೂವರೂ ಕೇಳಿದೆವು. ಇವರ ಸ್ವರದಲ್ಲಿ ಬಹಳ ಖುಷಿ.

"ನಾನು ಹೇಳಿದ್ದಲ್ವಾ? ಮೊದಲಿನ ಕ್ಯಾಸೆಟುಗಳಲ್ಲಿ ಮಾಂಯಿಯ ಮಾತು ತಿಳಿಯಬೇಕಾದರೆ ಕಿವಿ ಇಟ್ಟು ಕೂರಬೇಕಿತ್ತು. ಮಕ್ಕಳ ಬೊಬ್ಬೆ, ಮೀನಿನವನ ಪೋಂ ಪೋಂ, ಇನ್ನು ಯಾರ್ಯಾರದ್ದೋ ಗಲಾಟೆ. ಈ ಸಲ ನೋಡು, ಒಂದು ಶಬ್ದ ಇಲ್ಲ. ಮಾಂಯಿಯ ಉಸಿರು ಕೂಡ ಕೇಳ್ತದೆ. ಅಂಥ ಪರದೆ ಅದು."

ನಾನು ಮಾಂಯಿಯ ಕಡೆ ನೋಡಿದೆ. ಅವರು ಪಟದ ಕಡೆ ತಿರುಗಿಯೇ ಇದ್ದರು.

"ಹೌದು," ಅಂದರು ಮೆಲ್ಲ. "ಈಗ ಯಾರೂ ಬರುವುದಿಲ್ಲ. ದೊಡ್ಡವರಾದರು ಕಾಣ್ತದೆ. ದೊಡ್ಡ ಮಕ್ಕಳಿಗೆ ಬೆಸಾಂವ್ ಕೇಳಲಿಕ್ಕೆ ನಾಚಿಕೆ."

ಟೇಪು ಓಡುತ್ತಲೇ ಇತ್ತು. ನಾನು ಎದ್ದು ಹಗ್ಗ ಹಿಡಿದು ಎಳೆದೆ. ಮೆಲ್ಲ ಎಳೆಯಬೇಕು ಅಂತ ನೆನಪಾಗಲಿಲ್ಲ. ಅರ್ಧಕ್ಕೆ ಹೋದಾಗ ಒಂದು ಮಡಿಕೆಯಿಂದ ಮಣ್ಣು ಉದುರಿತು. ಕಣಜ ಅದರ ಕೋಣೆಯೊಳಗೆ ಗೂಡು ಕಟ್ಟಿತ್ತು. ಅದಕ್ಕೆ ಬರಲು ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಗಾಜು ತೆರೆದೆ. ಕಾಂಪೌಂಡಿನ ಆಚೆ ಜೂಲಿಯಾನ ಬಾಯಿ ಬಟ್ಟೆ ಒಣಗಿಸುತ್ತಿದ್ದರು.

"ನಿಮ್ಮ ಮಕ್ಕಳು ಈಗ ಮಾಂಯಿಯ ಹತ್ತಿರ ಬೆಸಾಂವ್ ಯಾಕೆ ಕೇಳುವುದಿಲ್ಲ?" ಅಂತ ಕೇಳಿದೆ. ಸ್ವರ ಸ್ವಲ್ಪ ಜೋರಾಗಿಯೇ ಬಂದಿರಬೇಕು.

ಅವರು ಬಟ್ಟೆ ಕೈಯಲ್ಲೇ ಹಿಡಿದು ನಿಂತರು. "ಪರದೆ ಬಿದ್ದಿರ್ತದಲ್ಲ ಬಾಯಿ? ನಿದ್ದೆ ಅಂತ ಗ್ರಹಿಸಿದೆವು. ವಯಸ್ಸಾದವರು, ಎಬ್ಬಿಸಬಾರದಲ್ಲ. ಗದ್ದಲ ಮಾಡಬೇಡಿ ಅಂತ ಮಕ್ಕಳಿಗೆ ನಾನೇ ಗದರಿಸಿದ್ದು. ನಿಮ್ಮ ಗೇಟು ದಾಟುವವರೆಗೆ ಪಾಪ, ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ಹೋಗ್ತಾವೆ." ಕೈಯ ಬಟ್ಟೆಯನ್ನು ಹಗ್ಗಕ್ಕೆ ಹಾಕಿ ಮತ್ತೆ ಹೇಳಿದರು, "ಕಾಯಿಲೆ ಜಾಸ್ತಿ ಆಗಿದೆಯಾ ಏನೋ ಅಂತ ಇಗರ್ಜಿಯಲ್ಲಿ ಒಂದು ಪೂಜೆ ಕೂಡ ಹೇಳಿಸಿದೆ."

ಇದ್ದಿನಬ್ಬನದ್ದೂ ಅದೇ ಕತೆ. "ಹಾರ್ನ್ ಹೊಡೆದರೆ ಅಮ್ಮನಿಗೆ ತೊಂದರೆ ಅಲ್ವಾ ಬಾಯಮ್ಮ? ಅದಕ್ಕೇ ಮುಂದೆ ಹೋಗಿ ಹೊಡೀತಿದ್ದೆ."

ಯಾರನ್ನು ಬೈಯಲಿ ಹೇಳಿ? ಮಗ ಪ್ರೀತಿಯಿಂದ ತಂದ. ತಾಯಿ ಪ್ರೀತಿಯಿಂದ ಸುಮ್ಮನಿದ್ದರು. ಊರಿನವರು ಮರ್ಯಾದೆಯಿಂದ ಚಪ್ಪಲಿ ಕಳಚಿದರು. ಒಬ್ಬರಾದರೂ ಸ್ವಲ್ಪ ಒರಟರಾಗಿದ್ದರೆ ಒಳ್ಳೆಯದಿತ್ತು ಅನಿಸುತ್ತದೆ. ಒಂದು ಪೋಕರಿ ಹುಡುಗಿ ಗಾಜಿಗೆ ಕಲ್ಲು ಹೊಡೆದಿದ್ದರೆ ಸಾಕಿತ್ತು.

ಅದೇ ಸಂಜೆ ಜೂಲಿಯಾನ ಬಾಯಿ ಮಕ್ಕಳನ್ನೆಲ್ಲ ಕರೆತಂದರು. ತಲೆ ಬಾಚಿಸಿ, ಮುಖ ತೊಳೆಸಿ. ಮಕ್ಕಳು ಚುಚ್ಚುಮದ್ದಿಗೆ ನಿಂತ ಹಾಗೆ ಮಂಚದ ಬಳಿ ಸಾಲಾಗಿ ನಿಂತರು. "ವ್ಹಡ್ಲಿಮಾಂಯ್, ಬೆಸಾಂವ್," ಅಂದರು, ಒಬ್ಬೊಬ್ಬರಾಗಿ, ತಗ್ಗಿದ ಸ್ವರದಲ್ಲಿ.

ಮಾಂಯ್ ಕೈ ಎತ್ತಿದರು. "ದೇವ್ ಬರೆಂ ಕರುಂ." ಎಲ್ಲರಿಗೂ ಕೊಟ್ಟರು, ಒಬ್ಬರನ್ನೂ ಬಿಡಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು.

"ಒಳ್ಳೆ ಮಕ್ಕಳು. ಯಾರ ಮನೆಯವು?"

ಗ್ರೇಟಾ ಮೂಗು ಏರಿಸುತ್ತಾ ಅಲ್ಲೇ ನಿಂತಿದ್ದಳು. ಮೊದಲಾದರೆ ಆ ಶೀತದಲ್ಲೇ ಅವಳು ಸಿಕ್ಕಿಬೀಳುತ್ತಿದ್ದಳು.

ಡಾಕ್ಟರರನ್ನು ಕೇಳಿದೆ. ವಯಸ್ಸು ಅಂದರು, ಮರೆವು ಹೀಗೇ ಬರುವುದು ಅಂದರು. ಇರಬಹುದು. ಪರದೆ ಇಲ್ಲದಿದ್ದರೂ ಬರುತ್ತಿತ್ತೋ ಏನೋ. ಅವರು ಓದಿದವರು, ನಾನು ವಾದ ಮಾಡಲಿಲ್ಲ. ಆದರೆ ಫೆಬ್ರವರಿಯಲ್ಲಿ ಮಾಂಯ್ ಉಸಿರು ಕೇಳಿ ಹೆಸರು ಹೇಳುತ್ತಿದ್ದರು. ಇದನ್ನು ಎಷ್ಟು ಸಲ ಜಪಮಣಿ ಎಣಿಸಿದರೂ ನನಗೆ ಮರೆಯಲಾಗುವುದಿಲ್ಲ.

ಪರದೆಯನ್ನು ಪೂರ್ತಿ ಮೇಲೇರಿಸಿ ಕಟ್ಟಿಬಿಟ್ಟಿದ್ದೇವೆ. ಕಣಜದ ಗೂಡು ತೆಗೆಯಲಿಲ್ಲ. ಕಿಟಕಿಯ ಹೊರಗೆ ಜೂಲಿಯಾನ ಬಾಯಿಯೇ ಬಂದು ಮಡಲಿನ ತಟ್ಟಿ ಕಟ್ಟಿ ಕೊಟ್ಟರು, ಅವರ ಹಟ್ಟಿಗೆ ಕಟ್ಟಿದ ಹಾಗೆಯೇ, ಓರೆಗೆ. ಬಸ್ಸಿನವರು ನೋಡುತ್ತಾರೆ. ನೋಡಲಿ. ಈಗ ಹೇಗೂ ಮಳೆ ಹಿಡಿದಿದೆ, ತಡೆಯಲು ಬಿಸಿಲೇ ಇಲ್ಲ.

ಉಪಕಾರ ಎಣಿಸುವವಳು ಅಂದೆನಲ್ಲ, ಒಂದು ಉಂಟು, ಹೇಳಿಬಿಡುತ್ತೇನೆ. ಶಾಲೆ ಸುರುವಾದ ವಾರ ಇದ್ದಿನಬ್ಬ ನಮ್ಮ ಗೇಟಿಗೇ ಬಂದು, ಮಳೆಯಲ್ಲಿ ನೆನೆಯುತ್ತಾ, ಬೇಕೆಂದೇ ಉದ್ದಕ್ಕೆ ಹಾರ್ನ್ ಒತ್ತಿದ. ಮಾಂಯ್ ಪಟದ ಕಡೆಯಿಂದ ಕಿಟಕಿಯ ಕಡೆ ತಲೆ ತಿರುಗಿಸಿದರು.

"ಮೀನು ಹಳತು," ಅಂದರು.

ಇದ್ದಿನಬ್ಬ ತಂದಿದ್ದು ಒಣಮೀನು. ಮಳೆಗಾಲದಲ್ಲಿ ದೋಣಿ ಕಡಲಿಗೆ ಇಳಿಯುವುದಿಲ್ಲ, ತಾಜಾ ಎಲ್ಲಿಂದ ತರುವುದು? "ಹೌದು ಅಮ್ಮಾ, ಹಳತೇ," ಅಂದ. ಅಷ್ಟು ಸಂತೋಷದಿಂದ ತನ್ನ ಸರಕನ್ನು ಹಳತು ಅಂತ ಒಪ್ಪಿಕೊಂಡ ವ್ಯಾಪಾರಿಯನ್ನು ನಾನು ಕಂಡದ್ದಿಲ್ಲ.

ಹೆಸರು ಮಾತ್ರ ಅವನದ್ದೂ ಬರಲಿಲ್ಲ.

ನಾಡಿದ್ದು ಊರಿನವರೊಬ್ಬರು ಬಹರೈನಿಗೆ ಹೊರಟಿದ್ದಾರೆ. ಅವರ ಕೈಯಲ್ಲಿ ಕಳಿಸಲು ನಿನ್ನೆ ಕ್ಯಾಸೆಟು ತುಂಬಿಸಿದೆವು. (ಇವರು ಈ ಅಂಕಣ ಓದುವುದಿಲ್ಲ. ಪೇಪರು ಅಲ್ಲಿಗೆ ಹೋಗುವುದು ಸಾಮಾನು ಸುತ್ತಿಕೊಂಡು ಮಾತ್ರ.) ಕಿಟಕಿ ತೆರೆದೇ ಇತ್ತು. ಮಳೆ ಬಿದ್ದಿದೆ, ಮಕ್ಕಳು ಕೂಗಿದ್ದಾರೆ, ಹಾರ್ನ್ ಆಗಿದೆ, ಎಲ್ಲ ಅದರಲ್ಲಿ ಉಂಟು. ಮಾಂಯಿಯ ಬೆಸಾಂವ್ ಬಹಳ ಸಣ್ಣ ಸ್ವರದಲ್ಲಿ ಎಲ್ಲೋ ನಡುವೆ ಬಂದು ಹೋಗುತ್ತದೆ. ಕಿವಿ ಇಟ್ಟು ಕೂತರೆ ಮಾತ್ರ ಸಿಗಬಹುದು.

ಅದನ್ನು ಕೇಳಿ ಇವರು, "ಪರದೆ ಇಷ್ಟು ಬೇಗ ಹಾಳಾಯಿತಾ?" ಅಂತ ಕೇಳಿದರೆ ನಾನು ಎಂತ ಹೇಳಲಿ?